ನಮ್ಮನೆ ಬೇವತ್ತೆ

ಹಾಸ್ಟೆಲಿಗೆ ಸೇರಿದ ಮೊದಲ್ನೇ ವಾರ ನನ್ನ ರೂಮ್‌ಮೇಟ್ ಅರ್ಪಿತಾ ಅವರ ಮನೆ ಮದುವೆ ಫೋಟೋ ತೋರಿಸ್ತಾ ಕೂತಿದ್ಳು. ಇದು ನಮ್ಮಪ್ಪ, ಇದು ಚಿಕ್ಕಪ್ಪ, ಈ ಕಪ್ಪು ಕನ್ನಡಕದೋರು ಸೋದರಮಾವ, ಈ ದೊಡ್ಡ ಜುಮ್ಕಿಯೋರು ನಮ್ಮ ಸೋದರತ್ತೆ. ನಾನು ಕೇಳಿದೆ, "ಬೇವತ್ತೆ ಎಲ್ಲೇ? ಕಾಣಿಸ್ತಾನೇ ಇಲ್ವಲ್ಲ." ಅವಳು "ಯಾರು?" ಅಂದ್ಳು. "ಬೇವತ್ತೆ ಕಣೇ! ನಿಮ್ಮನೆ ಬೇವತ್ತೆ ಯಾರು?" ಅಂದೆ. ಅವಳು ಮಂಚದ ಮೇಲೆ ಬಿದ್ದು ಬಿದ್ದು ನಕ್ಳು. ಪಕ್ಕದ ರೂಮಿನೋರ್ನೆಲ್ಲ ಕರೆದು, "ಇವಳ ಮನೇಲಿ ಬೇವತ್ತೆ ಇದಾರಂತೆ, ಹಾಗಲಜ್ಜಿನೂ ಇರ್ಬೇಕು, ಮೆಂತ್ಯದ ಮಾವನೂ ಇರ್ಬೇಕು" ಅಂತ ಸಾರಿದ್ಳು. ನಾನೂ ಎಲ್ರಿಗಿಂತ ಜೋರಾಗಿ ನಕ್ಕೆ. ನಂಗೆ ಎಲ್ಲದಕ್ಕೂ ನಗು ಬರುತ್ತೆ, ಹುಟ್ಟಿದಾಗಿಂದ ಹಾಗೇ. ಬೇರೆ ಊರಿನೋರ ಮನೇಲಿ ಬೇವತ್ತೆ ಇರಲ್ಲ ಅಂತ ಗೊತ್ತಾಗಿದ್ದು ಅವತ್ತೇ. ಅಯ್ಯೋ ಪಾಪ, ಹೇಗೆ ಬದುಕ್ತಾರಪ್ಪ ಅನ್ಕೊಂಡೆ.

ನಮ್ಮೂರಲ್ಲಿ ಮನೆಗೊಬ್ರು ಬೇವತ್ತೆ ಇರ್ತಾರೆ. ಯುಗಾದಿ ಹಿಂದಿನ ಸಂಜೆ ಕೆರೆ ಏರಿ ಮೇಲಿನ ಬೇವಿನ ಮರದಿಂದ ಹೂವು ತಂದು, ಬೆಲ್ಲದ ಜೊತೆ ಕುಟ್ಟಿ, ಮನೇಲಿ ಐದು ವರ್ಷ ದಾಟಿದೋರಿಗೆಲ್ಲ ತಲೆಗೊಂದು ಉಂಡೆ ಕಟ್ತಾರೆ. ಎಲ್ಲಾ ಒಂದೇ ಸಮ, ನೆಲ್ಲಿಕಾಯಿ ಗಾತ್ರ. ಮುತ್ತುಗದ ಎಲೆ ಮೇಲೆ ಇಟ್ಟು, ಇದು ಇಂಥೋರ್ದು ಅಂತ ಹೆಸರು ಹೇಳಿ, ದೇವರ ಮನೆ ಬಾಗಿಲು ಹಾಕ್ತಾರೆ. ಬೆಳಿಗ್ಗೆ ತೆಗೆದ್ರೆ ಕೆಲವು ಉಂಡೆ ಬೆಳೆದಿರುತ್ತೆ. ಒಂದು ನಿಂಬೆಹಣ್ಣಿನಷ್ಟು, ಇನ್ನೊಂದು ಮೂಸಂಬಿಯಷ್ಟು, ಮತ್ತೊಂದು ಇಟ್ಟ ಹಾಗೇ. ಯಾರ ಉಂಡೆ ಎಷ್ಟು ಬೆಳೆದಿದೆಯೋ ಆ ವರ್ಷ ಅವರಿಗೆ ಕಷ್ಟ ಅಷ್ಟು. ಆದ್ರೆ ನಮ್ಮೂರಲ್ಲಿ ಕಷ್ಟ ಅನ್ನೋ ಮಾತು ಯಾರೂ ಆಡಲ್ಲ. "ಅವರಿಗೆ ಈ ಸಲ ಸ್ವಲ್ಪ ಜಾಸ್ತಿಯಂತೆ" ಅಂತಾರೆ, ಮಳೆ ವಿಷಯ ಹೇಳೋ ಥರ. ಹೊತ್ತು ನೆತ್ತಿಗೆ ಬರೋದ್ರೊಳಗೆ ಎಲ್ಲಾ ಉಂಡೆನೂ ಯಾರಾದ್ರೂ ತಿಂದು ಮುಗಿಸ್ಬೇಕು. ಹೆಸರು ಯಾರದ್ದೇ ಇರಲಿ, ತಿಂದೋರಿಗೇ ಸೇರುತ್ತೆ. ಅದಕ್ಕೇ ಬೇವತ್ತೆ ಇರೋದು. ಎಲ್ಲರ ಉಂಡೆನೂ ಅವರೇ ತಿಂತಾರೆ.

ತಿನ್ನದೇ ಬಿಟ್ರೆ? ಬಿಟ್ರೆ ಅದೆಲ್ಲ ಆ ಮನೇಲಿ ಎಲ್ಲಕ್ಕಿಂತ ಚಿಕ್ಕವರ ಪಾಲಿಗೆ ಹೋಗುತ್ತೆ. ಎದುರುಮನೆ ಪುಟ್ಟಲಿಂಗಪ್ಪನೋರು ಒಂದು ವರ್ಷ ಅಷ್ಟೂ ಉಂಡೆ ತಗೊಂಡು ಹೋಗಿ ಬಾವಿಗೆ ಹಾಕಿ ಕೈ ತೊಳ್ಕೊಂಡು ಬಂದಿದ್ರು. ಆಗ ಅವರ ಮನೇಲಿ ತೊಟ್ಟಿಲಲ್ಲಿ ಮಗು ಇತ್ತು. ಆ ತೊಟ್ಟಿಲಲ್ಲಿ ಈಗ ಈರುಳ್ಳಿ ಹಾಕಿಡ್ತಾರೆ.

ನಮ್ಮನೆ ಬೇವತ್ತೆ ಅಪ್ಪನ ಅಕ್ಕ. ಗಂಡ ಮನೆ ಬಿಟ್ಟು ಹೋಗಿ, ಇಪ್ಪತ್ತೆರಡನೇ ವರ್ಷಕ್ಕೆ ತವರಿಗೆ ಬಂದೋರು. ಯುಗಾದಿ ದಿನ ಎಣ್ಣೆಸ್ನಾನ ಆದ್ಮೇಲೆ ಒಳ ಅಡುಗೆಮನೆಗೆ ಹೋಗಿ, ಒಂದು ಚೊಂಬು ಮಜ್ಜಿಗೆ ಇಟ್ಕೊಂಡು ಬಾಗಿಲು ಹಾಕ್ಕೊಳ್ಳೋರು. ನಾವೆಲ್ಲ ನಡುಮನೇಲಿ ಸಾಲಾಗಿ ಕೂರೋದು. ಅಮ್ಮ ನಮಗೆ ಬೆಲ್ಲ, ಹುರಿಗಡಲೆ, ಕೊಬ್ಬರಿ ಕಲಸಿದ್ದನ್ನ ಅಂಗೈಗೆ ಹಾಕೋಳು. ಅದಕ್ಕೆ ಬೇವು-ಬೆಲ್ಲ ಅಂತ ಹೆಸರು. ಅದೇ ಬೇವು ಅಂತ ನಾನು ಅಂದ್ಕೊಂಡಿದ್ದೆ. ಸ್ವಲ್ಪ ಹೊತ್ತಾದ್ಮೇಲೆ ಬೇವತ್ತೆ ಸೆರಗಲ್ಲಿ ಬಾಯಿ ಒರೆಸ್ಕೊಂಡು ಹೊರಗೆ ಬಂದು "ಆಯ್ತಪ್ಪ, ಮುಗೀತು" ಅನ್ನೋರು. ಅಪ್ಪ "ಹಾಂ, ಎಲೆ ಹಾಕಿ" ಅನ್ನೋರು. ಮನೇಲಿ ಒಬ್ರು ನೀರು ಸೇದ್ತಾರೆ, ಒಬ್ರು ದೀಪ ಹಚ್ತಾರೆ, ಒಬ್ರು ಉಂಡೆ ಮುಗಿಸ್ತಾರೆ. ಅಷ್ಟೇ ಅನ್ಕೊಂಡಿದ್ದೆ ನಾನು. ಮೊದಲ್ನೇ ಒಬ್ಬಟ್ಟು ಅವರಿಗೇ ಬಡಿಸೋದು. "ಹೂರಣ ಸಿಹಿ ಹಿಡಿದಿದೆಯಾ ಅಕ್ಕಯ್ಯ?" ಅಂತ ಅಮ್ಮ ಕೇಳಿದ್ರೆ, "ನಂಗೆ ಎಲ್ಲಾ ಒಂದೇ ರುಚಿ ಕಣೇ, ಚೆನ್ನಾಗಿರುತ್ತೆ ಬಿಡು" ಅನ್ನೋರು.

ಅವರಿಗೆ ಒಂದು ವರ್ಷ ಎಡಗಣ್ಣು ಹೋಯ್ತು. ಇನ್ನೊಂದು ವರ್ಷ ಹಲ್ಲೆಲ್ಲ ಉದುರಿದ್ವು, ಮೂವತ್ತೆಂಟನೇ ವಯಸ್ಸಿಗೆ. ಅವರು ಸಾಕಿದ ಹಸು ಸತ್ತುಹೋಯ್ತು, ಆಮೇಲೆ ಅದರ ಕರುನೂ. ನಾನು ಏಳನೇ ಕ್ಲಾಸಲ್ಲಿದ್ದಾಗ ಸೀಬೆಮರದ ತುದಿಯಿಂದ ಬಿದ್ದೆ. ಒಂದು ತರಚು ಗಾಯನೂ ಆಗ್ಲಿಲ್ಲ, ಎದ್ದು ನಕ್ಕೊಂಡು ಓಡಿಹೋದೆ. ಅವತ್ತು ಸಂಜೆ ಬೇವತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರ್ಕೊಂಡ್ರು. ಎರಡನ್ನೂ ಸೇರಿಸಿ ನೋಡ್ಬೇಕು ಅಂತ ನಂಗೆ ಹೊಳೀಲೇ ಇಲ್ಲ. ಐದು ಪ್ರಶ್ನೆಗೆ ಮೂರಕ್ಕೆ ಉತ್ತರ ಬರೆದು ಫಸ್ಟ್ ಕ್ಲಾಸ್ ಬಂದಾಗ್ಲೂ ಹೊಳೀಲಿಲ್ಲ. ನಾನು ಬುದ್ಧಿವಂತೆ ಅನ್ಕೊಂಡೆ.

ಈ ವರ್ಷ ಮಾಘ ಮಾಸದಲ್ಲಿ ಅವರು ಹೋಗ್ಬಿಟ್ರು. ನಾನು ಬಸ್ ಹತ್ತಿ ಬರೋ ಹೊತ್ತಿಗೆ ಅಂಗಳದಲ್ಲಿ ಮಲಗಿಸಿದ್ರು. ಪುರೋಹಿತರು ಅಪ್ಪನ ಕೇಳಿದ್ರು, "ಹೆಸರು ಹೇಳಿ." ಅಪ್ಪ "ಅಕ್ಕ" ಅಂದ್ರು. "ಅದು ಸರಿ, ಹೆಸರು?" ಅಪ್ಪ ಅಮ್ಮನ ಮುಖ ನೋಡಿದ್ರು. ಅಮ್ಮ ಭೂಷಣಣ್ಣನ ಮುಖ ನೋಡಿದ್ಳು. ಅಣ್ಣ ನನ್ನ ನೋಡಿದ. ನಂಗೆ ಆ ಹೊತ್ತಲ್ಲೂ ನಗು ಬಂದು ವೇಲಲ್ಲಿ ಬಾಯಿ ಮುಚ್ಕೊಂಡೆ. ಆಗ ಕಂಬದ ಪಕ್ಕ ನಿಂತಿದ್ದ ರೇವಕ್ಕ ಹೇಳಿದ್ಳು, "ವನಮಾಲಾ." "ನಿಂಗೆ ಹೇಗೆ ಗೊತ್ತೇ?" ಅಂದ್ಳು ಅಮ್ಮ. "ಕೇಳಿದ್ದೆ" ಅಂದ್ಳು ಅಕ್ಕ.

ರೇವಕ್ಕ, ಅಂದ್ರೆ ರೇವತಿ, ನನ್ನ ಸ್ವಂತ ಅಕ್ಕ. ನನಗಿಂತ ಹತ್ತು ವರ್ಷ ದೊಡ್ಡೋಳು. ಅವಳಿಗೆ ಮೂರು ಸಂಬಂಧ ಬಂದು ಮೂರೂ ವಾಪಸ್ ಹೋಗಿದ್ವು. ಪ್ರತಿ ಸಲ ಜಾತಕ ಕೂಡಲಿಲ್ಲ ಅಂದ್ರು. ಜಾತಕ ಇರೋ ಪೆಟ್ಟಿಗೆ ಬೀಗದಕೈ ಅಪ್ಪನ ಜನಿವಾರದಲ್ಲೇ ನೇತಾಡ್ತಿರುತ್ತೆ. ಬೇವತ್ತೆ ತಿಥಿ ಮುಗಿದ ಮಾರನೇ ದಿನ ಅಮ್ಮ ಅಕ್ಕನ ಹಾಸಿಗೆ ಎತ್ತಿ ಬೇವತ್ತೆ ಕೋಣೆಗೆ ಹಾಕಿದ್ಳು. "ಅಲ್ಲಿ ಗಾಳಿ ಚೆನ್ನಾಗಿ ಬರುತ್ತೆ ಕಣೇ" ಅಂದ್ಳು. ಅಕ್ಕ ಹಾಸಿಗೆ ಎತ್ಕೊಂಡು ಮತ್ತೆ ನಡುಮನೆಗೆ ತಂದ್ಳು. ಸಂಜೆ ಹೊತ್ತಿಗೆ ಅದು ಮತ್ತೆ ಆ ಕೋಣೇಲಿತ್ತು.

ಯುಗಾದಿಗೆ ಒಂದು ವಾರ ಇದ್ದಾಗ ಹಾಸ್ಟೆಲಲ್ಲಿ ಎಲ್ರೂ ಸೀರೆ ಉಟ್ಕೊಂಡು ಮುಂಚಿತವಾಗಿ ಹಬ್ಬ ಮಾಡಿದ್ರು. ಅರ್ಪಿತಾ ಬೇವು-ಬೆಲ್ಲ ತಂದು "ಆ ಅನ್ನೇ" ಅಂತ ನನ್ನ ಬಾಯಿಗೆ ತುರುಕಿದ್ಳು. ನಾನು ಅಗಿದೆ. ಅಗಿದಿದ್ದೇ ಅವಳ ಹೊಸ ಸೀರೆ ಮೇಲೆಲ್ಲ ಉಗುಳಿಬಿಟ್ಟೆ. ನಂಗೆ ಯಾರೋ ವಿಷ ಹಾಕಿದ್ರು ಅನ್ನಿಸ್ತು. "ಏನೇ ಇದು!" ಅಂದೆ. "ಬೇವು ಕಣೇ ಮಂಗ!" ಅಂತ ಅವಳು ಸೆರಗು ಒದರ್ತಿದ್ಳು. ಬಾಯಿ ತೊಳ್ಕೊಂಡು ಅಲ್ಲೇ ಕೊಳಾಯಿ ಹತ್ರ ನಿಂತು ಅಕ್ಕನಿಗೆ ಫೋನ್ ಮಾಡಿದೆ.

"ರೇವಕ್ಕ, ಬೇವು ಕಹಿಯೇನೇ?"

ಅವಳು ನಕ್ಕು, "ಹತ್ತೊಂಬತ್ತು ವರ್ಷ ಆಯ್ತು ನಿಂಗೆ. ಈಗ ಗೊತ್ತಾಯ್ತಾ ಮಹಾತಾಯಿ?" ಅಂದ್ಳು.

"ಮತ್ತೆ ಬೇವತ್ತೆ?"

"ಬೇವತ್ತೆಗೂ ಕಹಿನೇ ಇರುತ್ತೆ ಕಣೇ. ಅವರ ನಾಲಿಗೆ ಏನು ಬೇರೆ ಮಾಡಿರ್ತಾರಾ?"

ನಾನು ಕೊಳಾಯಿ ನಿಲ್ಸೋದೇ ಮರೆತಿದ್ದೆ. ಅವಳು ಮುಂದುವರಿಸಿದ್ಳು. "ಇಂಚು, ನೀನು ಹಬ್ಬಕ್ಕೆ ಬಾ. ನಿನ್ನ ಹತ್ರ ಒಂದು ಮಾತು ಆಡೋದಿದೆ."

ಆ ಮಾತು ಹೇಳ್ಬೇಕು ಅಂದ್ರೆ ಮಣಿ ತೋರಣದ ವಿಷಯ ಹೇಳ್ಬೇಕು. ಅಕ್ಕ ಗಾಜಿನ ಮಣಿ ಪೋಣಿಸಿ ಬಾಗಿಲಿಗೆ ಕಟ್ಟೋ ತೋರಣ ಮಾಡ್ತಾಳೆ. ಮಾವಿನ ಎಲೆದು ಎರಡು ದಿನಕ್ಕೆ ಬಾಡುತ್ತೆ, ಇದು ಬಾಡಲ್ಲ. ಹಸಿರು ಮಣೀಲಿ ಎಲೆ, ಹಳದೀಲಿ ಮಾವಿನಕಾಯಿ, ನಡುವೆ ಜೋಡಿ ಗಿಳಿ. ನಮ್ಮೂರಲ್ಲಿ ಎಲ್ರೂ ಗಿಳಿನ ಎದುರುಬದುರು ಕೂರಿಸ್ತಾರೆ. ರೇವಕ್ಕ ಮಾತ್ರ ಒಂದು ಗಿಳಿ ತಲೆ ತಿರುಗಿಸಿ ಹೊರಗಡೆ ನೋಡೋ ಹಾಗೆ ಮಾಡ್ತಾಳೆ. ಆ ಕತ್ತು ತಿರುವೋದು ಕಷ್ಟ, ಒಂದೇ ಮಣಿಗೆ ಮೂರು ಸಲ ಸೂಜಿ ಹೋಗ್ಬೇಕು. ಹೋದ ವರ್ಷ ಅತ್ತಿಗೆ ಕಡೆಯೋರ ಜೊತೆ ಬಂದಿದ್ದ ಒಬ್ಬ ಮೇಡಂ ಅದನ್ನ ನೋಡಿ ಬಾಗಿಲಲ್ಲೇ ನಿಂತುಬಿಟ್ಟಿದ್ರು. ಹುಡುಗೀರಿಗೆ ಕೈಕೆಲಸ ಕಲಿಸೋ ಕೇಂದ್ರ ನಡೆಸ್ತಾರಂತೆ, ದೂರದ ಊರಲ್ಲಿ. ಈಗ ಅವರು ಅಕ್ಕನ ಕರೆಸ್ಕೊಳ್ತಿದ್ರು. ಕಲಿಸೋ ಕೆಲಸ, ಇರೋಕೆ ಒಂದು ಕೋಣೆ. ಹಬ್ಬದ ಮರುದಿನ ಹೊಸತೊಡಕು ಮುಗಿಸಿ, ಅದರ ಮಾರನೇ ದಿನ ಬಂದು ಸೇರ್ಬೇಕು.

ನಾನು ಊರಿಗೆ ಬಂದ ದಿನ ಅಕ್ಕ ಮಹಡಿ ಮೇಲೆ ಬಿಸಿಲಲ್ಲಿ ಮಣಿ ಹರಡ್ಕೊಂಡು ಕೂತಿದ್ಳು. ಹೊಸ ತೋರಣ ಅರ್ಧ ಆಗಿತ್ತು. "ಇದು ಯಾರಿಗೇ?" ಅಂದೆ. "ಇದಾ? ನಮ್ಮನೆಗೇ. ಕಟ್ಟಿ ಹೋಗ್ತೀನಿ. ಅಂದ್ರೆ, ಹೋದ್ರೆ." ನೂಲಿನ ತುದಿ ಬಾಯಲ್ಲಿ ಕಚ್ಚಿ ಕತ್ತರಿಸಿದ್ಳು. "ನೋಡು ಇಂಚು, ಎಲ್ಲಾ ಉಂಡೆನೂ ನಾನೇ ತಿಂದ್ರೆ ನಾನೆಲ್ಲಿಗೂ ಹೋಗಲ್ಲ. ಅದು ನನ್ನ ಹೋಗೋಕೆ ಬಿಡಲ್ಲ. ಅವರವರದ್ದು ಅವರವರು ತಿನ್ನಿ ಅಂತ ಈ ಸಲ ಹೇಳ್ತೀನಿ. ಅಪ್ಪ ಅಮ್ಮ ಹೂಂ ಅಂತಾರೆ, ಆಮೇಲೆ ಬೇರೆಯೋರ ಮುಖ ನೋಡ್ತಾರೆ. ಯಾರಾದ್ರೂ ಒಬ್ರು ಮೊದಲು ತಿಂದ್ರೆ ಉಳಿದೋರು ನಾಚಿಕೆಗಾದ್ರೂ ತಿಂತಾರೆ. ನೀನು ನಿಂದು ತಿಂತೀಯಾ?"

"ಅಯ್ಯೋ ಅದೇನ್ ಮಹಾ! ಒಂದೇ ಗುಟುಕಿಗೆ ನುಂಗ್ತೀನಿ."

"ಹಲ್ಲು ಕಿಸಿಬೇಡ. ಆ ಫೋನ್ ಕೆಳಗಿಟ್ಟು ಸರಿಯಾಗಿ ಹೇಳು."

ಫೋನ್ ಕೆಳಗಿಟ್ಟೆ. "ತಿಂತೀನಿ ಕಣಕ್ಕ. ನಿನ್ನಾಣೆ."

"ನನ್ನಾಣೆ ಬೇಡ" ಅಂದ್ಳು ಅಕ್ಕ. "ನನ್ನ ಮೇಲೆ ಆಗ್ಲೇ ಬೇಕಾದಷ್ಟಿದೆ."

ಅಮಾವಾಸ್ಯೆ ಸಂಜೆ ಮನೆ ತುಂಬ ಹೂರಣದ ವಾಸನೆ. ಅಮ್ಮ ರುಬ್ತಿದ್ಳು, ಸುಧತ್ತಿಗೆ ಕಣಕ ನಾದ್ತಿದ್ರು. ಅತ್ತಿಗೆಗೆ ಆಗ ಐದು ತಿಂಗಳು. ಅವರ ಮಗಳು ಚುಕ್ಕಿ, ಮೂರು ವರ್ಷದೋಳು, ಮಣಿ ಡಬ್ಬಿ ಬೀಳಿಸ್ಕೊಂಡು "ಲೇವತ್ತೆ, ಲೇವತ್ತೆ" ಅಂತ ಅಕ್ಕನ ಹಿಂದೆ ಹಿಂದೆ ಸುತ್ತಾ ಇದ್ಳು. ಅವಳಿಗೆ ರೇವತಿ ಸೋದರತ್ತೆ ತಾನೇ, ರೇವತ್ತೆ ಅನ್ಬೇಕು, ಆದ್ರೆ ನಾಲಿಗೆ ಇನ್ನೂ ಹೊರಳ್ತಿರಲಿಲ್ಲ. "ರ ಅನ್ನೇ, ರ್ರ್ರ" ಅಂತ ಅಣ್ಣ ಎತ್ತಿ ಎತ್ತಿ ಹಾರಿಸ್ತಿದ್ದ. "ಲ್ಲ್ಲ" ಅಂತ ಅವಳು. ಎಲ್ರಿಗೂ ನಗು. ಹೊಟ್ಟೆ ಹುಣ್ಣಾಗೋಷ್ಟು.

ಉಂಡೆ ಕಟ್ಟೋಕೆ ಕೂತಾಗ ಅಕ್ಕ ಹೇಳಿದ್ಳು, "ಈ ಸಲ ಅವರವರದ್ದು ಅವರವರು ತಿನ್ನೋಣ. ಅತ್ತಿಗೇದು ಮಾತ್ರ ನಾನು ತಿಂತೀನಿ, ಬಸುರಿ ಅವರು."

ರುಬ್ಬುಕಲ್ಲು ನಿಂತಿತು. ಅಮ್ಮ ಅಂದ್ಳು, "ಅದಕ್ಕೇನಂತೆ, ತಿಂದ್ರಾಯ್ತು." ಮತ್ತೆ ಕಲ್ಲು ತಿರುಗಿತು. ಅಪ್ಪ ಪಂಚಾಂಗದಿಂದ ತಲೆ ಎತ್ತಲಿಲ್ಲ. "ನಾನೇನು ತಿನ್ನದೇ ಇರೋನಲ್ಲ. ಅಕ್ಕನೇ ಬಿಡ್ತಿರಲಿಲ್ಲ" ಅಂದ್ರು. ಅಣ್ಣ, "ನಾನು ರೆಡಿನಪ್ಪ. ಮಾವಿನಕಾಯಿ ಉಪ್ಪಿನಕಾಯಿ ನೆಂಚ್ಕೊಂಡು ಒಂದು ಕೈ ನೋಡೇಬಿಡೋಣ" ಅಂದ. ಅತ್ತಿಗೆ ಹಿಟ್ಟಿನ ಕೈಯನ್ನೇ ಹೊಟ್ಟೆ ಮೇಲಿಟ್ಕೊಂಡು ಮೆಲ್ಲಗೆ ಕೇಳಿದ್ರು, "ಅಲ್ಲ, ಉಳಿದ್ರೆ ಎಲ್ಲಕ್ಕಿಂತ ಚಿಕ್ಕವರಿಗೆ ಅಂತಾರಲ್ಲ. ಈಗ ಚಿಕ್ಕವರು ಅಂದ್ರೆ ಚುಕ್ಕಿನಾ, ಇಲ್ಲ..." "ಉಳಿಯಲ್ಲ ಅತ್ತಿಗೆ" ಅಂದ್ಳು ಅಕ್ಕ. ನನ್ನ ಕಡೆ ನೋಡಿ ಹುಬ್ಬು ಹಾರಿಸಿದ್ಳು. ನಾನೂ ಹಾರಿಸಿದೆ. ಆರು ಎಲೆ, ಆರು ಉಂಡೆ. ಅಕ್ಕನೇ ಹೆಸರು ಹೇಳಿ ಇಟ್ಟು ಬಾಗಿಲು ಹಾಕಿದ್ಳು. ಆಮೇಲೆ ಸ್ಟೂಲ್ ಹತ್ತಿ ಹೊಸ ತೋರಣ ಕಟ್ಟಿದ್ಳು. ಒಂದು ಗಿಳಿಗೆ ಇನ್ನೂ ಕೊಕ್ಕಿರಲಿಲ್ಲ. "ಕೆಂಪು ಮಣಿ ಸಾಲಲಿಲ್ಲ, ನಾಳಿದ್ದು ಕಟ್ಟಿಬಿಡ್ತೀನಿ" ಅಂದ್ಳು.

ಬೆಳಿಗ್ಗೆ ಎಣ್ಣೆಸ್ನಾನ ಮಾಡಿ, ಹೊಸ ಬಟ್ಟೆ ಹಾಕ್ಕೊಂಡು, ಕೂದಲಲ್ಲಿ ಇನ್ನೂ ನೀರು ತೊಟ್ಟಿಕ್ತಿರುವಾಗ್ಲೇ ಎಲ್ರೂ ದೇವರ ಮನೆ ಮುಂದೆ ನಿಂತ್ವಿ. ಅಪ್ಪ ಬಾಗಿಲು ತೆಗೆದ್ರು. ಅಪ್ಪಂದು ಮೂಸಂಬಿಯಷ್ಟಾಗಿತ್ತು. ಅಮ್ಮಂದೂ ಅತ್ತಿಗೇದೂ ನಿಂಬೆಹಣ್ಣು. ಅಣ್ಣಂದು ಕಿತ್ತಳೆ. ನಂದು ಬೇಲದಹಣ್ಣಿನಷ್ಟು, ಎಲೆ ಸಾಲದೆ ಅಂಚಿಗೆ ಬಂದು ನಿಂತಿತ್ತು, ಮೈಯೆಲ್ಲ ಒರಟು ಒರಟು. "ಅಬ್ಬಾ! ಯಾರ್ದೇ ಅದು?" ಅಂದ ಅಣ್ಣ, ಗೊತ್ತಿದ್ರೂ. ಕೊನೇ ಎಲೆ ಮೇಲೆ ಅಕ್ಕಂದು. ಅದು ಬೆಳೆದೇ ಇರಲಿಲ್ಲ. ರಾತ್ರಿ ಇಟ್ಟ ನೆಲ್ಲಿಕಾಯಿ ನೆಲ್ಲಿಕಾಯಿನೇ.

ಅಕ್ಕ ಬಗ್ಗಿ ನೋಡಿದ್ಳು. ಬೆರಳಲ್ಲಿ ಮುಟ್ಟಿ ನೋಡಿದ್ಳು. ಆಮೇಲೆ ನನ್ನ ಭುಜ ಹಿಡ್ಕೊಂಡು, "ನೋಡೇ ಇಂಚು, ನಂದು ಬೆಳೆದೇ ಇಲ್ಲ ಕಣೇ!" ಅಂದ್ಳು. ಅವಳ ದನಿ ಹಾಗೆ ಎದ್ದಿದ್ದು ನಾನು ಯಾವತ್ತೂ ಕೇಳಿರಲಿಲ್ಲ. ಅವಳ ಪಾಡಿಗೆ ಅವಳನ್ನ ಬಿಟ್ಟಿದ್ರೆ ಈ ವರ್ಷ ಅವಳಿಗೆ ಚೆನ್ನಾಗೇ ಇತ್ತು. ಮನೇಲಿದ್ದ ಅಷ್ಟೂ ಜನ ಅದನ್ನ ಕಣ್ಣಾರೆ ನೋಡಿದ್ವಿ.

ನಡುಮನೇಲಿ ಸಾಲಾಗಿ ಕೂತ್ವಿ, ಎಲ್ರ ಮುಂದೆ ಅವರವರ ಎಲೆ. ಅಕ್ಕ ತನ್ನದನ್ನ ಬಾಯಿಗೆ ಹಾಕ್ಕೊಂಡ್ಳು. ಅತ್ತಿಗೇದು ಎರಡು ತುತ್ತು ಮಾಡಿ ತಿಂದ್ಳು. ಕಣ್ಣು ಮುಚ್ಚಿದ್ಳು, ಗಂಟಲು ಮೇಲೆ ಕೆಳಗೆ ಆಡ್ತು, ಮಜ್ಜಿಗೆ ಕುಡಿದ್ಳು. "ಹೂಂ" ಅಂದ್ಳು. ಅಪ್ಪ ಉಂಡೆ ಕೈಗೆ ತಗೊಂಡು ಮೂಸಿ ಮತ್ತೆ ಇಟ್ರು. ಅಣ್ಣ ತನ್ನದನ್ನ ಬಾಯಿ ಹತ್ರ ಹಿಡ್ಕೊಂಡು, "ಲೇ ಇಂಚು, ನೀನು ಶುರು ಮಾಡು. ಚಿಕ್ಕೋಳು ನೀನೇ ತಿಂದ್ಮೇಲೆ ನಮಗೇನು ರೋಗ" ಅಂದ. ಅಮ್ಮ, ಅಪ್ಪ, ಅಣ್ಣ ಮೂರೂ ಜನ ನನ್ನನ್ನೇ ನೋಡ್ತಿದ್ರು. ಅಕ್ಕನೂ. ಅವಳು ಹೇಳಿದ್ದು ಸರಿಯಾಗೇ ಇತ್ತು, ಒಬ್ರು ತಿಂದ್ರೆ ಸಾಕಿತ್ತು.

ಒಂದು ಚಿಟಿಕೆ ಮುರಿದು ನಾಲಿಗೆ ಮೇಲಿಟ್ಟೆ.

ಹಾಸ್ಟೆಲಿನ ಬೇವು ಇದರ ಮುಂದೆ ಸಕ್ಕರೆ. ಅದು ನಾಲಿಗೇಲಿ ನಿಲ್ಲಲಿಲ್ಲ, ನೇರ ಎದೆಗೆ ಇಳೀತು. ಅಂಗಳದಲ್ಲಿ ಮಲಗಿಸಿದ್ದ ಬೇವತ್ತೆ ಪಾದ ಕಣ್ಣಿಗೆ ಬಂತು. ಹಿಮ್ಮಡಿ ಒಡೆದಿತ್ತು. ಅವತ್ತು ನೋಡಿದ್ದೆ, ಆದ್ರೆ ಅವತ್ತು ಅದು ಬರೀ ಹಿಮ್ಮಡಿ. ಬಚ್ಚಲಲ್ಲಿ ಬಿದ್ದಾಗ ಅವರು ಯಾರನ್ನೂ ಹೆಸರು ಹಿಡಿದು ಕೂಗಿರಲಿಲ್ಲ, ಬರೀ "ಯಾರಾದ್ರೂ ಬನ್ನಿ" ಅಂದಿದ್ರು. ನಾನು ಜಗುಲೀಲಿ ಕೂತು ಕೇಳಿಸ್ಕೊಂಡಿದ್ದೆ. ಇದು ಚಿಟಿಕೆ. ಎಲೆ ಮೇಲೆ ಇನ್ನೂ ಇಡೀ ಬೇಲದಹಣ್ಣು ಕೂತಿದೆ. ನನ್ನ ಕೈ ನಡುಗೋಕೆ ಶುರುವಾಯ್ತು. ನಗೋಣ ಅಂತ ನೋಡಿದೆ, ಬರಲಿಲ್ಲ.

"ತಿನ್ನು ಪುಟ್ಟ" ಅಂದ್ಳು ಅಕ್ಕ. "ಒಂದೇ ಸಲ ಬೇಡ. ಸ್ವಲ್ಪ ಸ್ವಲ್ಪ. ನಾನು ಇಲ್ಲೇ ಇದೀನಿ."

ಅಂಗಳದ ತುಳಸಿಕಟ್ಟೆ ನೆರಳು ಗಿಡ್ಡ ಆಗ್ತಾ ಬಂತು. ಚುಕ್ಕಿ ಹೊಸ ಲಂಗ ಎತ್ತಿ ಹಿಡ್ಕೊಂಡು ಆ ನೆರಳನ್ನ ತುಳಿಯೋ ಆಟ ಆಡ್ತಿದ್ಳು. ಅತ್ತಿಗೆ ಒಂದ್ಸಲ ನೆರಳು ನೋಡೋರು, ಒಂದ್ಸಲ ನನ್ನ ಎಲೆ ನೋಡೋರು. ಎರಡೂ ಕೈ ಹೊಟ್ಟೆ ಮೇಲಿತ್ತು. ನಾನು ಇನ್ನೊಂದು ತುಂಡು ಮುರಿದೆ. ಬಾಯಿವರೆಗೂ ತಂದೆ. ದೇವರಾಣೆಗೂ ತಂದೆ.

"ಅಕ್ಕಾ, ಆಗ್ತಿಲ್ಲ ಕಣೇ" ಅಂದೆ.

ಅಣ್ಣ ಕೈಲಿದ್ದ ಉಂಡೆನ ಸದ್ದಾಗದ ಹಾಗೆ ಎಲೆ ಮೇಲಿಟ್ಟ. ಅಪ್ಪ ಪಂಚಾಂಗ ಬಿಡಿಸಿದ್ರು. ಅಮ್ಮ ಎದ್ದು ಮಜ್ಜಿಗೆ ಚೊಂಬು ತುಂಬಿಸ್ಕೊಂಡು ಬಂದು ಅಕ್ಕನ ಪಕ್ಕದಲ್ಲಿಟ್ಟಳು. "ಉಪ್ಪು ಹಾಕಿದೀನಿ" ಅಂದ್ಳು. ಅವಳ ಕಣ್ಣಲ್ಲಿ ನೀರಿತ್ತಾ ಅಂದ್ರೆ, ಇರಲಿಲ್ಲ. ಅಮ್ಮನೂ ಯಾವತ್ತೂ ತಿಂದೋಳಲ್ಲ ತಾನೇ.

ಅಕ್ಕ ಒಬ್ಬೊಬ್ಬರ ಮುಖನೂ ನೋಡಿದ್ಳು. ಚುಕ್ಕಿನ ನೋಡಿದ್ಳು. ಒಂದರ ಮೇಲೊಂದು ಎಲೆ ಎಳ್ಕೊಂಡು, ಉಂಡೆಯೆಲ್ಲ ಒಂದೇ ತಟ್ಟೆಗೆ ಹಾಕ್ಕೊಂಡ್ಳು. ಎದ್ದು ನಿಂತು ನಂಗೆ ಹೇಳಿದ್ದು ಇಷ್ಟೇ, "ನಿಂದು ಒಡೆದು ಕೊಡೇ. ಹಾಗೇ ಬಾಯಿಗೆ ಹಿಡಿಯಲ್ಲ."

ನಾನು ಒಡೆದು ಕೊಟ್ಟೆ. ನಾಲ್ಕು ಹೋಳು ಮಾಡಿ, ಚೆನ್ನಾಗಿ ಒತ್ತಿ, ಒಂದು ಚೂರೂ ಉದುರದ ಹಾಗೆ ತಟ್ಟೆಗಿಟ್ಟೆ. ಕೈ ಆಗ ನಡುಗಲಿಲ್ಲ.

ಅವಳು ಒಳ ಅಡುಗೆಮನೆಗೆ ಹೋಗಿ ಬಾಗಿಲು ಹಾಕ್ಕೊಂಡ್ಳು. ಅಮ್ಮ ನಮ್ಮ ಅಂಗೈಗೆ ಬೆಲ್ಲ, ಹುರಿಗಡಲೆ, ಕೊಬ್ಬರಿ ಹಾಕಿದ್ಳು. ತುಂಬ ಸಿಹಿಯಾಗಿತ್ತು. ಸ್ವಲ್ಪ ಹೊತ್ತಾದ್ಮೇಲೆ ಅಕ್ಕ ಹೊರಗೆ ಬಂದ್ಳು, ಚೂಡಿದಾರದ ವೇಲಲ್ಲಿ ಬಾಯಿ ಒರೆಸ್ಕೊಂಡು. ಅಪ್ಪ, "ಹಾಂ, ಎಲೆ ಹಾಕಿ" ಅಂದ್ರು. ಮೊದಲ್ನೇ ಒಬ್ಬಟ್ಟು ಅಕ್ಕನ ಎಲೆಗೇ ಬಿತ್ತು, ಮೇಲೆ ಎರಡು ಚಮಚ ತುಪ್ಪ. "ಹೂರಣ ಸಿಹಿ ಹಿಡಿದಿದೆಯೇನೇ?" ಅಂದ್ಳು ಅಮ್ಮ. ಅಕ್ಕ ನಿಧಾನವಾಗಿ ಅಗೀತಾ ಇದ್ಳು. "ಗೊತ್ತಾಗ್ತಿಲ್ಲಮ್ಮ" ಅಂದ್ಳು.

ಆದ್ರೂ ಅವಳು ಹೊರಟ್ಳು. ಅದು ನಂಗೆ ಈಗ್ಲೂ ಆಶ್ಚರ್ಯ. ಹೊಸತೊಡಕಿನ ಮಾರನೇ ಬೆಳಿಗ್ಗೆ ಒಂದು ಚೀಲ ಬಟ್ಟೆ, ಒಂದು ಡಬ್ಬಿ ಮಣಿ, ಸೂಜಿ ಪೊಟ್ಟಣ ತಗೊಂಡು ಬಸ್ ಸ್ಟ್ಯಾಂಡಿಗೆ ನಡೆದ್ಳು. ನಾನೂ ಜೊತೆಗಿದ್ದೆ, ನನ್ನ ಬಸ್ಸೂ ಅಲ್ಲಿಂದಾನೇ. ದಾರಿಯುದ್ದಕ್ಕೂ ನಾನೇ ಮಾತಾಡ್ತಿದ್ದೆ, ಏನೇನೋ. ಅವಳ ಬಸ್ಸು ಮೊದಲು ಬಂತು. ಎರಡನೇ ಮೆಟ್ಟಿಲ ಮೇಲೆ ಬಲಗಾಲಿಟ್ಟು, ಕಂಬಿ ಹಿಡ್ಕೊಂಡು, ನನ್ನ ಕಡೆ ತಿರುಗಿದ್ಳು, ಅವಳ ಗಿಳಿ ತಿರುಗುತ್ತಲ್ಲ ಹಾಗೆ. ಬಸ್ಸು ಒಂದೇ ಒಂದು ಸಲ ಜಗ್ಗಿತು. ಅವಳು ಬಿದ್ದಿದ್ದು ಎರಡೇ ಮೆಟ್ಟಿಲು. ಬಲಗೈ ಮೈ ಕೆಳಗೆ ಸಿಕ್ಕಿಹಾಕ್ಕೊಂಡಿತು. ಡಬ್ಬಿ ಒಡೆದು ಮಣಿ ಎಲ್ಲಾ ಕಡೆ ಉರುಳಿದ್ವು. ಜನ ಅವುಗಳ ಮೇಲೆ ಕಾಲಿಡ್ತಾ ಬಸ್ಸು ಹತ್ತಿದ್ರು. ಅವಳು 'ಅಮ್ಮಾ' ಅನ್ನಲಿಲ್ಲ, ನನ್ನ ಹೆಸರೂ ಕೂಗಲಿಲ್ಲ. "ಯಾರಾದ್ರೂ ಬನ್ನಿ" ಅಂದ್ಳು. ನಾನು ಅವಳಿಂದ ಮೂರಡಿ ದೂರದಲ್ಲಿದ್ದೆ.

ಮೂಳೆ ಕೂಡ್ತು, ಬೆರಳು ಮಡಚಲಿಲ್ಲ. ಸೂಜಿ ಹಿಡಿಯೋ ಎರಡು ಬೆರಳು. ಅದು ಚೈತ್ರದಲ್ಲಿ. ಆಮೇಲೆ ಉಳಿದ ತಿಂಗಳಿಗೆಲ್ಲ ಒಂದೊಂದು ಆಯ್ತು, ಅದನ್ನೆಲ್ಲ ಬರೆಯಲ್ಲ. ಮೇಡಂ ಬೇರೆ ಯಾರನ್ನೋ ತಗೊಂಡ್ರು. ಅಣ್ಣನಿಗೆ ಬಡ್ತಿ ಬಂತು. ಅತ್ತಿಗೆಗೆ ಸುಖವಾಗಿ ಹೆರಿಗೆ ಆಯ್ತು, ಮಗು ಗುಂಡು ಗುಂಡಾಗಿದೆ. ಅಪ್ಪನ ಮಂಡಿ ನೋವು ತಾನಾಗೇ ಹೋಯ್ತು. ನಾನು ಓದದೇ ಇದ್ದ ಪಾಠದಿಂದ ಒಂದು ಪ್ರಶ್ನೆನೂ ಬರಲಿಲ್ಲ. ಫಸ್ಟ್ ಕ್ಲಾಸ್. ಅರ್ಪಿತಾ ಪಾರ್ಟಿ ಕೊಡ್ಸು ಅಂದ್ಳು, ಕೊಡಿಸ್ದೆ, ನಕ್ಕೆ. ಆ ಒಂದು ಚಿಟಿಕೆ ಮಾತ್ರ ಹೋಗಿಲ್ಲ. ದಿನಕ್ಕೊಂದ್ಸಲ, ಸುಮ್ನೆ ಕೂತಿರುವಾಗ, ಎದೇಲಿ ಕಹಿಯಾಗುತ್ತೆ. ಒಂದು ನಿಮಿಷ ಇರುತ್ತೆ. ಆಮೇಲೆ ಹೋಗುತ್ತೆ.

ದಸರಾ ರಜಕ್ಕೆ ಊರಿಗೆ ಹೋದೆ. ಬಾಗಿಲಲ್ಲಿ ಅದೇ ತೋರಣ, ಅದೇ ಕೊಕ್ಕಿಲ್ಲದ ಗಿಳಿ ಹೊರಗಡೆ ನೋಡ್ತಿತ್ತು. ಚುಕ್ಕಿ ಅಂಗಳದಲ್ಲಿ ಸೀಮೆಸುಣ್ಣ ಹಿಡ್ಕೊಂಡು ನೆಲ ಗೀಚ್ತಿದ್ಳು. "ರಂಗೋಲಿ ಹಾಕ್ತಿದೀನಿ. ರಾಣಿ ಥರ ರಂಗೋಲಿ!" ಅಂದ್ಳು. ರ ಎಷ್ಟು ಚೆನ್ನಾಗಿ ಬರ್ತಿತ್ತು ಅಂದ್ರೆ ಎತ್ಕೊಂಡು ಮುದ್ದು ಮಾಡಿದೆ. ಅವಳು ನನ್ನ ಹೆಗಲಿಂದ ಒಳಗಡೆ ಮುಖ ಮಾಡಿ ಕೂಗಿದ್ಳು, "ಬೇವತ್ತೆ! ಇಂಚತ್ತೆ ಬಂದ್ರು!"

ನಂಗೆ ಸರಿಯಾಗಿ ಕೇಳಿಸ್ಲಿಲ್ಲ ಅನ್ಕೊಂಡೆ. "ರೇವತ್ತೆ ಅನ್ನು ಪುಟ್ಟಿ. ರೇ. ನಿಂಗೀಗ ರ ಬರುತ್ತಲ್ಲ."

ಅವಳು ನನ್ನ ಮುಖನ ಎರಡೂ ಕೈಲಿ ಹಿಡ್ಕೊಂಡು, ಏನೂ ಗೊತ್ತಿಲ್ಲದೋರಿಗೆ ಹೇಳಿಕೊಡೋ ಹಾಗೆ ಅಂದ್ಳು, "ರೇ ಅಲ್ಲ. ಬೇ."

"ಯಾರು ಹೇಳಿಕೊಟ್ರೇ ನಿಂಗೆ?"

"ಯಾರೂ ಇಲ್ಲ."

ನಾನು ಒಳಗೆ ಕೇಳೋ ಹಾಗೆ ಗಟ್ಟಿಯಾಗಿ, ಊರಿಗೆಲ್ಲ ಕೇಳೋ ಹಾಗೆ ಕೂಗಿದೆ, "ರೇವಕ್ಕಾ! ರೇವತೀ!" ಯಾರೂ ಓಗೊಡಲಿಲ್ಲ. ಇನ್ನೊಂದ್ಸಲ ಕೂಗಿದೆ. ಒಳಗೆ ಪಾತ್ರೆ ಸದ್ದು, ಅಷ್ಟೇ. ಆಗ ಚುಕ್ಕಿ ನನ್ನ ಕಿವಿ ಪಕ್ಕದಲ್ಲೇ, "ಬೇವತ್ತೇ!" ಅಂತ ಇನ್ನೊಂದ್ಸಲ ಕೂಗಿದ್ಳು.

"ಬಂದೆ ಕಣಮ್ಮಾ" ಅಂದ್ಳು ನನ್ನಕ್ಕ.